ಕಳ್ಳ ಮುಚ್ಚಿಹೋದ ತೂತು

"ಮೇಡಂ, ಇನ್ನೂ ಎಷ್ಟೊತ್ತು ಅದರ ಹೊಟ್ಟೆ ಕೆಳಗೆ ಮಲಗಿರ್ತೀರಿ? ನಮಾಜಿಗೆ ಹೋದೋರೆಲ್ಲ ವಾಪಸ್ ಬರೋ ಹೊತ್ತಾಯ್ತು. ಯಲ್ಲಾ, ಏಳಿ."

ರಾಕೇಶನ ದನಿ ಮೇಲಿನಿಂದ ಬಂತು. ಚೂಡಾಮಣಿ ಉತ್ತರ ಕೊಡಲಿಲ್ಲ. ನಲವತ್ತೊಂಬತ್ತು ವರ್ಷದ ಹೆಂಗಸು, ಸರಕು ಕೆಟ್ಟರೆ ಕಳೆದರೆ ತನಿಖೆ ಮಾಡುವ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್, ದೋಹಾದ ಒಂದು ಗೋಡೌನಿನ ಸಿಮೆಂಟ್ ನೆಲದ ಮೇಲೆ ರಟ್ಟು ಹಾಸಿಕೊಂಡು ಅಂಗಾತ ಮಲಗಿ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡಿದ್ದರೆ ಉತ್ತರ ಕೊಡುವುದಾದರೂ ಹೇಗೆ ಹೇಳಿ?

ಅವಳ ಮುಖದ ಮೇಲೆ ಒಂದು ಗೇಣಿನ ಅಂತರದಲ್ಲಿ ಹೆಚ್ಚುಕಡಿಮೆ ಒಂದು ಟನ್ ಲೋಹ ಸ್ಟ್ಯಾಂಡಿನಲ್ಲಿ ಕೂತಿತ್ತು. ಡಬಲ್ ಮಾಂಬಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನವರು ನೌಕಾಪಡೆಯ ವಿಮಾನಕ್ಕೆಂದು ಮಾಡಿದ ಎಂಜಿನ್. ಹೊರಗೆ ನೋಡಿದರೆ ಒಂದು, ಒಳಗೆ ಎರಡು. ಅಕ್ಕಪಕ್ಕ ಮಲಗಿದ ಎರಡು ಟರ್ಬೈನುಗಳು, ಮೂತಿಯಲ್ಲಿ ಹಿಂದೊಂದು ಮುಂದೊಂದು ಪ್ರೊಪೆಲ್ಲರ್. ಜಲಾಂತರ್ಗಾಮಿಗಳನ್ನು ಹುಡುಕುತ್ತ ಸಮುದ್ರದ ಮೇಲೆ ಗಂಟೆಗಟ್ಟಲೆ ಸುತ್ತುವಾಗ ಪೈಲಟ್ ಒಂದು ಭಾಗವನ್ನು ಆರಿಸಿ ಇನ್ನೊಂದರಲ್ಲೇ ಹಾರುತ್ತಿದ್ದನಂತೆ. ಇದನ್ನೆಲ್ಲ ಅವಳಿಗೆ ಅನ್ನ ಕಲಸಿಕೊಳ್ಳುತ್ತ ಹೇಳಿಕೊಟ್ಟವರು ಈ ಎಂಜಿನ್ನಿನ ಮೆಕ್ಯಾನಿಕ್, ಅವಳ ಗೆಳೆಯ ಲ್ಯಾನ್ಸ್‌ಲಾಟ್.

ಈ ಎಂಜಿನ್ನಿನ ಬಲಗಡೆಯ ಇಂಧನ ಪಂಪನ್ನು ಕದ್ದನೆಂದು ಬಂದರಿನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಕಂಪನಿಯ ಗುಮಾಸ್ತ ಬ್ರಯನ್‌ನನ್ನು ಪೊಲೀಸರು ಕರೆದುಕೊಂಡು ಹೋಗಿ ಆ ಶುಕ್ರವಾರಕ್ಕೆ ನಾಲ್ಕು ದಿನ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಚೂಡಾಮಣಿಯ ವರದಿ ಹೋಗಬೇಕು. ಅದರಲ್ಲಿ ಅವನ ಹೆಸರಿದ್ದರೆ ಅವನು ಜೈಲಿಗೆ. ಇಲ್ಲದಿದ್ದರೆ ಬೇರೆ ಯಾರ ಹೆಸರು ಎಂದು ಅವಳೇ ಹೇಳಬೇಕು.

ಅವಳು ಟಾರ್ಚನ್ನು ಬಾಯಿಂದ ತೆಗೆದಳು.

"ರಾಕೇಶ್, ಸ್ವಲ್ಪ ಬಗ್ಗಿ ನೋಡಿ. ಪಂಪ್ ಇದ್ದ ಜಾಗ ಇದು. ಏನ್ ಕಾಣಿಸ್ತಿದೆ?"

"ಏನೂ ಇಲ್ಲ. ಪಂಪ್ ಹೋಗಿದೆ ಅಲ್ವಾ."

"ಕಣ್ಣು ಬಿಟ್ಟು ನೋಡ್ರೀ. ತೂತಿದೆಯಾ?"

ರಾಕೇಶ್ ಬೆಂಗಳೂರಿನವನು, ಈ ಖಾಸಗಿ ಮ್ಯೂಸಿಯಮ್ಮಿನ ಮ್ಯಾನೇಜರ್. ಹಳೇ ಕಾರು, ಹಳೇ ಎಂಜಿನ್ ಎಂದರೆ ಪ್ರಾಣ ಬಿಡುವ ಅಬ್ದುಲ್ಲಾ ಎಂಬ ಮುದುಕನ ಆಸೆ ಇದು: ನವೆಂಬರಿನಲ್ಲಿ ವಿಶ್ವಕಪ್ ಫುಟ್‌ಬಾಲ್ ನೋಡಲು ಜಗತ್ತೇ ಬರುತ್ತದೆ, ಆ ಅತಿಥಿಗಳ ಮುಂದೆ ಡಬಲ್ ಮಾಂಬಾ ಓಡಬೇಕು. ಓಡಿಸಿಕೊಡುವ ಹೊಣೆ ರಾಕೇಶನದು. ಇಸ್ತ್ರಿ ಮಾಡಿದ ಪ್ಯಾಂಟಿನ ಚಿಂತೆಯಲ್ಲೇ ಅವನು ಮೊಣಕಾಲೂರಿ ಬಗ್ಗಿದ.

ತೂತಿರಲಿಲ್ಲ. ಪಂಪು ಕೂತಿದ್ದ ಜಾಗಕ್ಕೆ ಅಂಗೈಯಗಲದ ಒಂದು ತಗಡಿನ ಮುಚ್ಚಳ. ನಾಲ್ಕು ಬೋಲ್ಟು. ಅದುರುವಾಗ ಬೋಲ್ಟು ಸಡಿಲವಾಗದಂತೆ ನಾಲ್ಕರ ತಲೆಯಲ್ಲೂ ತೆಳು ಉಕ್ಕಿನ ತಂತಿ ತೂರಿಸಿ, ಹೆಣ್ಣುಮಕ್ಕಳ ಜಡೆಯಷ್ಟು ಸಮವಾಗಿ ಹೊಸೆದಿತ್ತು.

"ಕಳ್ಳ ಆದೋನು ತೂತು ಮುಚ್ಚಿ, ಧೂಳು ಹೋಗದ ಹಾಗೆ ಮಾಡಿ, ತಂತಿ ಕಟ್ಟಿ ಹೋಗ್ತಾನೇನ್ರೀ?" ಚೂಡಾಮಣಿ ಕೇಳಿದಳು. "ಇದು ಎಂಜಿನ್ ಮೇಲೆ ಕರುಳಿರೋರು ಮಾಡಿದ ಕೆಲಸ. ಬ್ರಯನ್ ಬಿಕಾಂ ಓದಿರೋನು. ಅವನ ಹೆಂಡತಿ ನಟಾಶಾ ಹೇಳ್ತಾಳೆ, ಮನೇಲಿ ಬಲ್ಬ್ ಹೋದ್ರೂ ಪಕ್ಕದ ರೂಮಿನೋರ್ನ ಕರೀತಾನಂತೆ."

ರಾಕೇಶ್ ಎದ್ದು ಮೊಣಕಾಲು ಒರೆಸಿಕೊಂಡ. "ಮೇಡಂ, ಇಷ್ಟೊಂದು ತಲೆ ಕೆಡಿಸ್ಕೋಬೇಡಿ. ಸರಕು ನಮಗೆ ಒಪ್ಪಿಸೋವರೆಗೆ, ಹೋದ ಗುರುವಾರದಿಂದ ಶನಿವಾರದವರೆಗೆ, ಗೋಡೌನ್ ಬೀಗದಕೈ ಅವನ ಹತ್ರಾನೇ ಇತ್ತು. ಎಲ್ಲ ಸರಿಯಿದೆ ಅಂತ ಸಹಿ ಹಾಕಿರೋನೂ ಅವನೇ. ಒಂದ್ ಲೈನ್ ಬರೀರಿ, ಖಲಾಸ್."

ಆ ಸಹಿಯ ಕತೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹಮದ್ ಬಂದರಿನಲ್ಲಿ ಪೆಟ್ಟಿಗೆ ಬಿಡಿಸಿಕೊಳ್ಳುವಾಗ ಬ್ರಯನ್ ಹದಿನೆಂಟು ಸಾಲಿನ ಪಟ್ಟಿಗೆ ಟಪಟಪನೆ ಹದಿನೆಂಟು ಟಿಕ್ ಹಾಕಿದ್ದ. ಪೆಟ್ಟಿಗೆಯನ್ನು ಬಿಚ್ಚಿರಲೇ ಇಲ್ಲ. ಬಿಚ್ಚುವವರು ಯಾರೂ ಇಲ್ಲ. ಹಿಂದೆ ನೂರು ಲಾರಿ ಹಾರ್ನ್ ಹೊಡೆಯುತ್ತಿರುತ್ತವೆ, ಎಲ್ಲ ಗುಮಾಸ್ತರೂ ಹಾಗೇ ಟಿಕ್ ಹಾಕುತ್ತಾರೆ. ಆದರೆ ಆ ಟಿಕ್ಕಿನಿಂದಾಗಿ ಇಂಗ್ಲೆಂಡಿನಿಂದ ಪಂಪು ಬಂದಿತ್ತು ಎಂದಾಯಿತು. ಬಂದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ ನೇರ ಅವನ ಕುತ್ತಿಗೆಗೆ ಬಂತು.

ಇನ್ನೊಂದು ಪ್ರಶ್ನೆಗೂ ಅವನು ಬಾಯಿ ಬಿಟ್ಟಿರಲಿಲ್ಲ. ಬೀಗದಕೈಯನ್ನು ಯಾರಿಗಾದರೂ ಕೊಟ್ಟಿದ್ದೆಯಾ ಎಂದರೆ ನೆಲ ನೋಡುತ್ತಾನೆ ಅಷ್ಟೆ.

ಚೂಡಾಮಣಿ ಮುಚ್ಚಳದ ಫೋಟೋ ತೆಗೆದಳು, ತಂತಿಯ ಫೋಟೋ ತೆಗೆದಳು. ಆಮೇಲೆ ಎಡಗಡೆಗೆ ತೆವಳಿ, ಅಲ್ಲಿ ಭದ್ರವಾಗಿ ಕೂತಿದ್ದ ಇನ್ನೊಂದು ಪಂಪಿನ ಫೋಟೋವನ್ನೂ ತೆಗೆದುಕೊಂಡಳು. ಹನ್ನೆರಡೂ ಹತ್ತು. ಬಾಗಿಲಲ್ಲಿ ಕಾವಲಿನವನ ರಿಜಿಸ್ಟರಿಗೆ ಸಹಿ ಹಾಕಿ ಹೊರಟಾಗ ರಾಕೇಶ್ ಒಳಗೇ ಇದ್ದ, ಯಾರಿಗೋ ಫೋನ್ ಮಾಡುತ್ತಿದ್ದ.

ಬಸ್ಸಿನಲ್ಲಿ ಕೂತ ಮೇಲೆ ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಎರಡು ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿ, ಸಾಕಪ್ಪಾ ಸಹವಾಸ ಎಂದು ಬಸ್ಸಿಗೇ ಅಂಟಿಕೊಂಡವಳು ಅವಳು. ಯೋಚನೆ ಮಾಡಲು ಅದೇ ಅನುಕೂಲ. ತಂತಿಯ ತುದಿಯನ್ನು ಸುಮ್ಮನೆ ಕತ್ತರಿಸಿ ಬಿಟ್ಟಿರಲಿಲ್ಲ. ಪುಟ್ಟ ಕೊಕ್ಕೆಯ ಹಾಗೆ ಒಳಕ್ಕೆ ಮಡಚಿತ್ತು. ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಅಲ್ಲಿ ವಾರದ ರಜೆ ಶುಕ್ರವಾರ. ಅದು ಅವಳಿಗೆ ಅಡುಗೆಯ ದಿನ. ಐನ್ ಖಾಲಿದ್ ಬಡಾವಣೆಯಲ್ಲಿ ಒಂದು ವಿಲ್ಲಾವನ್ನು ಐದು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದಾರಲ್ಲ, ಅದರಲ್ಲೊಂದು ತುಂಡು ಅವಳದು. ವಾರವಿಡೀ ಮೊಸರನ್ನವೋ ಬ್ರೆಡ್ಡೋ. ಶುಕ್ರವಾರ ಮಾತ್ರ ಇಬ್ಬರಿಗೆ ಅಳತೆ ಹಾಕಿ ಬಿಸಿಬೇಳೆ ಬಾತ್ ಮಾಡುತ್ತಾಳೆ. ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಲ್ಯಾನ್ಸ್‌ಲಾಟ್ ಒಂದು ಗಂಟೆಗೆ ಬರುತ್ತಾರೆ. ಉಂಡು, ನೌಕಾಪಡೆಯ ಕತೆ ಹೇಳಿ, ನಾಲ್ಕಕ್ಕೆ ಎದ್ದು ಹೋಗುತ್ತಾರೆ. ಐದು ವರ್ಷದಿಂದ ಇದೇ ವಾಡಿಕೆ. ಹನ್ನೊಂದು ವರ್ಷದ ದೋಹಾ ವಾಸದಲ್ಲಿ ಅವಳ ಬಾಗಿಲು ತಟ್ಟುವ ಒಂದೇ ಒಂದು ಜೀವ ಎಂದರೆ ಅವರು.

ಅವತ್ತು ಒಂದಾಯಿತು, ಒಂದೂವರೆ ಆಯಿತು. ಬರಲಿಲ್ಲ. ಫೋನೂ ಇಲ್ಲ.

ಬೆಳಿಗ್ಗೆಯೇ ಮಾಡಿಟ್ಟಿದ್ದ ಬಾತ್ ಆರಿಹೋಗಿತ್ತು. ಅದನ್ನು ಬಿಸಿ ಮಾಡಲು ಒಲೆ ಹಚ್ಚಿ, ಒಗ್ಗರಣೆ ಹೊಗೆ ಎಳೆಯುವ ಫ್ಯಾನಿನ ಸ್ವಿಚ್ ಹಾಕಿದಳು. ಮೇಲೆ ನೋಡಿದಳು. ನೋಡಿದವಳು ಹಾಗೇ ನಿಂತುಬಿಟ್ಟಳು.

ಕಳೆದ ವರ್ಷ ಫ್ಯಾನಿನ ಜಾಲರಿ ಕಳಚಿ ಸಾರಿನ ಪಾತ್ರೆಗೆ ಬಿದ್ದಾಗ ಲ್ಯಾನ್ಸ್‌ಲಾಟ್ ಅದನ್ನು ತಂತಿ ಹೊಸೆದು ಕಟ್ಟಿಕೊಟ್ಟಿದ್ದರು. ಜಡೆಯಂಥ ಹೊಸೆತ. ತುದಿ ಪುಟ್ಟ ಕೊಕ್ಕೆಯ ಹಾಗೆ ಒಳಕ್ಕೆ ಮಡಚಿತ್ತು.

"ಇದೆಂಥದು, ಇಷ್ಟು ಚೆಂದ?" ಎಂದು ಅವಳು ಅವತ್ತು ನಕ್ಕಿದ್ದಳು.

"ಚೆಂದಕ್ಕಲ್ಲ ಮಾರಾಯ್ರೆ. ಮುಂದೆ ಕೈ ಹಾಕುವವನಿಗೆ ಚುಚ್ಚಬಾರದು. ಹಡಗಿನಲ್ಲಿ ನಮ್ಮ ಉಸ್ತಾದ್ ಕಲಿಸಿದ್ದು," ಎಂದಿದ್ದರು ಅವರು.

ಒಲೆ ಆರಿಸಿ ಫ್ಯಾನಿನ ಫೋಟೋ ತೆಗೆದುಕೊಂಡಳು. ಕಳೆದ ಶುಕ್ರವಾರವೂ ನೆನಪಾಯಿತು. ಅವತ್ತು ಅವರು ಬಂದದ್ದು ಮೂರಕ್ಕೆ, ಬಸ್ಸು ತಡ ಎಂದರು. ಊಟಕ್ಕೆ ಮೊದಲು ಮೂರು ಸಲ ಸೋಪು ಹಾಕಿ ಕೈ ತೊಳೆದರೂ ಉಗುರಿನ ಸಂದಿನ ಕಪ್ಪು ಹೋಗಿರಲಿಲ್ಲ. ಅವಳು ನೋಡಿದ್ದಳು, ಕೇಳಿರಲಿಲ್ಲ. ಮಂದಿಯ ಸುಳ್ಳನ್ನು ಹಿಡಿಯುವುದೇ ಅವಳ ಕಸುಬು. ಆದರೆ ಶುಕ್ರವಾರ ಒಂದರಿಂದ ನಾಲ್ಕರವರೆಗೆ ಆ ಕಸುಬಿಗೆ ರಜೆ ಕೊಟ್ಟಿದ್ದಳು.

ದೇವರೇ, ಬೇರೆ ಯಾರಾದರೂ ಆಗಬಾರದಿತ್ತೇ ಎಂದುಕೊಂಡು ಚಪ್ಪಲಿ ಮೆಟ್ಟಿದಳು. ಬಾತಿನ ಪಾತ್ರೆ ಒಲೆಯ ಮೇಲೇ ಉಳಿಯಿತು.

ಲ್ಯಾನ್ಸ್‌ಲಾಟ್ ಇರುವ ನಜ್ಮಾ ಬಡಾವಣೆಯ ಓಣಿಯಲ್ಲಿ ಟೈಲರ್ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಎರಡನೇ ಮಹಡಿಯಲ್ಲಿ ಆರು ಮಂಚದ ಕೋಣೆ. ಉಳಿದ ಐವರು ಹೊರಗೆ ಹೋಗಿದ್ದರು. ಲ್ಯಾನ್ಸ್‌ಲಾಟ್ ಬನಿಯನ್ ಹಾಕಿಕೊಂಡು ತಮ್ಮ ಮಂಚದ ಅಂಚಿನಲ್ಲಿ, ಯಾರನ್ನೋ ಕಾಯುವವರ ಹಾಗೆ ಕೂತಿದ್ದರು. ಶಿರ್ವ ಕಡೆಯವರು, ಅರವತ್ತಮೂರು ವರ್ಷ, ಕೋಲಿನಂಥ ಮೈ. ಭಾರತದ ವಿಮಾನವಾಹಕ ಹಡಗಿನಲ್ಲಿ ಹದಿನೈದು ವರ್ಷ ಮೆಕ್ಯಾನಿಕ್ ಆಗಿದ್ದವರು. ಅಲ್ಲಿ ಅವರ ಕೈಯಲ್ಲಿದ್ದ ಡಾರ್ಟ್ ಎಂಬ ಎಂಜಿನ್ ಈ ಮಾಂಬಾದ ಕಾಲದ್ದೇ, ಅದೇ ಇಂಗ್ಲೆಂಡಿನದ್ದೇ. ಹಾಗಾಗಿ ಅಬ್ದುಲ್ಲಾ ಎಸಿ ರಿಪೇರಿ ಅಂಗಡಿಯಿಂದ ಅವರನ್ನು ಹುಡುಕಿ ತಂದು ಡಬಲ್ ಮಾಂಬಾ ಓಡಿಸುವ ಕೆಲಸ ಕೊಟ್ಟಿದ್ದ.

"ಊಟಕ್ಕೆ ಬರಲಿಲ್ಲ," ಚೂಡಾಮಣಿ ಎಂದಳು.

"ಹಸಿವಿರಲಿಲ್ಲ."

"ಫೋನಾದರೂ ಮಾಡಬಹುದಿತ್ತು."

"ಮಾಡಿದ್ರೆ ನೀವು ಎಂತ ಕೇಳ್ತೀರಿ ಅಂತ ಗೊತ್ತಿತ್ತು. ರಾಕೇಶ್ ಫೋನ್ ಮಾಡಿದ್ದ. ಮೇಡಂ ತಂತಿಯ ಫೋಟೋ ತೆಗೆದ್ರು ಅಂತ ಹೇಳಿದ."

ಅವಳು ಎದುರು ಮಂಚದ ಮೇಲೆ ಕೂತು ಫೋನನ್ನು ಅವರ ಮುಂದೆ ಹಿಡಿದಳು. ಗೋಡೌನಿನ ಮುಚ್ಚಳ ಒಂದು ಫೋಟೋ, ಅಡುಗೆಮನೆಯ ಫ್ಯಾನು ಇನ್ನೊಂದು. ಲ್ಯಾನ್ಸ್‌ಲಾಟ್ ಕನ್ನಡಕ ಹುಡುಕಿ ಹಾಕಿಕೊಂಡು ಎರಡನ್ನೂ ನಿಧಾನವಾಗಿ ನೋಡಿದರು.

"ಕೆಲಸ ಒಳ್ಳೆದುಂಟು," ಎಂದರು.

"ಲ್ಯಾನ್ಸಿಯವ್ರೇ!"

"ಹೌದು. ನಾನೇ ತೆಗೆದದ್ದು. ಹೋದ ಶುಕ್ರವಾರ, ಎಲ್ಲರೂ ನಮಾಜಿಗೆ ಹೋದಾಗ. ಸ್ಟ್ಯಾಂಡಿನ ಅಳತೆ ತೆಗೀಬೇಕು ಅಂತ ಹೇಳಿ ಬ್ರಯನ್ ಹತ್ರ ಬೀಗದಕೈ ತಗೊಂಡೆ. ಪೂಜೆಗೂ ಹೋಗ್ಲಿಲ್ಲ ಆವತ್ತು."

ಚೂಡಾಮಣಿಗೆ ಮೈ ಉರಿಯಿತು. ಅಳುವೂ ಬಂತು.

"ಯಾಕೆ? ಯಾರಿಗೆ ಮಾರೋಕೆ?"

"ಮಾರುವುದಾ?" ಅವರಿಗೆ ನಿಜಕ್ಕೂ ಬೇಸರವಾದ ಹಾಗಿತ್ತು. "ಅದನ್ನು ಮಾರುವುದಾ ಮೇಡಂ? ಎಂತ ಮಾತು ನಿಮ್ಮದು."

"ಮತ್ತೆ?"

"ಎಂಜಿನ್ ಓಡಿದ ದಿನ ನನ್ನ ಕೆಲಸ ಖಲಾಸ್. ವೀಸಾ ಕ್ಯಾನ್ಸಲ್. ರಾಕೇಶ್ ಟಿಕೆಟ್ ಕೂಡ ನೋಡಿಟ್ಟಿದ್ದಾನೆ, ನವೆಂಬರ್ ಕೊನೆಗೆ. ಈ ವಯಸ್ಸಿಗೆ ಯಾರು ಬೇರೆ ಕೆಲಸ ಕೊಡ್ತಾರೆ?" ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ನನ್ನ ಹೆಂಡತಿ ಕೊನ್ಸೆಪ್ಟಾ ಹೋಗಿ ಎರಡು ವರ್ಷ ಆಯ್ತು. ಕೊರೊನಾ ಟೈಮು, ವಿಮಾನ ಇಲ್ಲ. ಮಣ್ಣು ಹಾಕ್ಲಿಕ್ಕೂ ನನಗೆ ಹೋಗ್ಲಿಕ್ಕಾಗ್ಲಿಲ್ಲ, ಫೋನಲ್ಲಿ ನೋಡಿದೆ. ಮಕ್ಕಳಿಲ್ಲ. ಇನ್ನು ಊರಿಗೆ ಹೋಗಿ ನಾನು ಯಾರ ಮುಖ ನೋಡುವುದು? ಇಲ್ಲಿ ರಾತ್ರಿ ಎಚ್ಚರ ಆದ್ರೆ ಐದು ಜನರ ಗೊರಕೆ ಆದ್ರೂ ಕೇಳ್ತದೆ. ಶುಕ್ರವಾರ ನಿಮ್ಮಲ್ಲಿ ಊಟ ಉಂಟು."

ಆ ಕೊನೆಯ ಮಾತು ಅವಳಿಗೆ ನಾಟಿತು. ಅವಳು ಮುಖ ಆಚೆ ತಿರುಗಿಸಿಕೊಂಡಳು.

"ಪಂಪ್ ಇಲ್ಲದಿದ್ರೆ ಇಂಗ್ಲೆಂಡಿನವರು ಕಳಿಸ್ಲಿಲ್ಲ ಅಂತ ಆಗ್ತದೆ ಅಂದ್ಕೊಂಡೆ," ಅವರು ಮುಂದುವರಿಸಿದರು. "ಪತ್ರ ಹೋಗ್ತದೆ, ಉತ್ತರ ಬರ್ತದೆ, ಹುಡುಕ್ತಾರೆ. ಆರು ತಿಂಗಳು, ಒಂದು ವರ್ಷ. ಅಷ್ಟು ದಿನ ನಾನು ಇಲ್ಲಿ. ಆಮೇಲೆ ಎಲ್ಲೋ ಸಿಕ್ಕಿತು ಅಂತ ನಾನೇ ತಂದು ಕೊಡ್ತಿದ್ದೆ. ಬ್ರಯನ್ ಪೆಟ್ಟಿಗೆ ಬಿಚ್ಚದೆ ಟಿಕ್ ಹಾಕಿದ್ದಾನೆ ಅಂತ ನನಗೆಂತ ಗೊತ್ತು? ಹಡಗಿನಲ್ಲಿ ನಾವು ಒಂದೊಂದು ಸ್ಕ್ರೂ ಮುಟ್ಟಿ ನೋಡಿ ಟಿಕ್ ಹಾಕ್ತಿದ್ದದ್ದು."

"ಗೊತ್ತಾದ ಮೇಲೆ? ನಾಲ್ಕು ದಿನದಿಂದ ಅವನು ಒಳಗಿದ್ದಾನೆ. ಬೀಗದಕೈ ಯಾರಿಗೆ ಕೊಟ್ಟೆ ಅಂತ ಕೇಳಿದ್ರೆ ಬಾಯೇ ಬಿಡ್ತಿಲ್ಲ. ಅವನಿಗೆ ಇಲ್ಲಿ ಕೆಲಸ ಕೊಡಿಸಿದ್ದು ನೀವು. ಆ ಋಣಕ್ಕೆ ಅವನು ನಿಮ್ಮ ಹೆಸರು ಹೇಳ್ತಿಲ್ಲ. ಗೊತ್ತಾ ನಿಮಗೆ?"

"ಗೊತ್ತುಂಟು."

"ಮುಂದೆ ಕೈ ಹಾಕೋನಿಗೆ ಚುಚ್ಚಬಾರದು ಅಂತೀರಲ್ಲ. ಬ್ರಯನ್‌ಗೆ ಚುಚ್ಚಲಿಲ್ವಾ?"

ಕೆಳಗೆ ಓಣಿಯಲ್ಲಿ ಯಾರೋ ಶಟರ್ ಎಳೆದರು. ಲ್ಯಾನ್ಸ್‌ಲಾಟ್ ಬಗ್ಗಿ, ಮಂಚದಡಿಯಿಂದ ಸೂಪರ್ ಮಾರ್ಕೆಟ್ಟಿನ ದಪ್ಪ ಚೀಲವೊಂದನ್ನು ಎಳೆದು ಅವಳ ಮಡಿಲಿಗಿಟ್ಟರು. ಒಳಗೆ ಸ್ನಾನದ ಟವೆಲ್. ಟವೆಲ್ ಬಿಡಿಸಿದರೆ, ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡ ಪಂಪು. ಕಿಂಚಿತ್ತು ಧೂಳಿಲ್ಲ. ದಿನಾ ಎಣ್ಣೆ ಒರೆಸಿದ್ದರೆಂದು ಕಾಣುತ್ತದೆ.

"ನಡೀರಿ," ಚೂಡಾಮಣಿ ಎಂದಳು. "ಈಗಲೇ ಪೊಲೀಸ್ ಸ್ಟೇಷನ್‌ಗೆ ಹೋಗೋಣ. ನಾನೂ ಬರ್ತೀನಿ. ಪಂಪ್ ಕೊಟ್ಟು ನಡೆದದ್ದು ನಡೆದ ಹಾಗೆ ಹೇಳಿ. ಅಬ್ದುಲ್ಲಾ ಒಳ್ಳೆಯವರು, ನಿಮ್ಮನ್ನ ಕಂಡ್ರೆ ಪ್ರೀತಿ ಇದೆ. ನಾನು ಮಾತಾಡ್ತೀನಿ. ಜಾಸ್ತಿ ಅಂದ್ರೆ ಊರಿಗೆ ಕಳಿಸ್ತಾರೆ."

"ಊರಿಗೆ ಕಳಿಸ್ತಾರೆ," ಅವರು ಅದೇ ಮಾತನ್ನು ಹೇಳಿದರು. ಆದರೂ ಎದ್ದರು. ಮೊಳೆಯಿಂದ ಬಿಳಿ ಶರಟು ತೆಗೆದು ತೋಳು ತೂರಿಸಿ, ಗುಂಡಿ ಹಾಕತೊಡಗಿದರು.

ಚೂಡಾಮಣಿಯ ಫೋನು ಹೊಡೆದುಕೊಂಡಿತು. ನಟಾಶಾ. ಆಚೆಯಿಂದ ಮೊದಲು ಬಿಕ್ಕಿದ್ದಷ್ಟೇ ಕೇಳಿತು.

"ಆಂಟೀ, ಸಿಕ್ಕಿತು. ಪಂಪ್ ನಮ್ಮ ರೂಮಲ್ಲೇ ಸಿಕ್ಕಿತು."

"ಏನು? ಸರಿಯಾಗಿ ಹೇಳಮ್ಮಾ."

"ಈಗ ಪೊಲೀಸರು ಬಂದು ಹುಡುಕಿದ್ರು. ಶೂ ರ್‍ಯಾಕಿನ ಹಿಂದೆ ಇತ್ತು ಆಂಟಿ, ದೇವರಾಣೆ ಬೆಳಿಗ್ಗೆ ಅಲ್ಲಿ ಇರ್ಲಿಲ್ಲ, ನಾನು ಗುಡಿಸಿದ್ದೇನೆ. ಮಧ್ಯಾಹ್ನ ಚರ್ಚಿಗೆ ಹೋಗಿದ್ದೆ, ಆಗ ಯಾರೋ ಇಟ್ಟಿದ್ದಾರೆ. ಫೋಟೋ ತೋರಿಸಿದ ಕೂಡಲೇ ಬ್ರಯನ್ ನಾನೇ ಕದ್ದದ್ದು ಅಂತ ಒಪ್ಪಿಕೊಂಡ್ರಂತೆ. ನನ್ನನ್ನೂ ಹಿಡೀತಾರೆ ಅಂತ ಹೆದರಿ ಒಪ್ಪಿಕೊಂಡ್ರಾ ಆಂಟಿ? ನಾನೆಂತ ಮಾಡ್ಲಿ ಈಗ?"

ಸಮಾಧಾನ ಹೇಳುವಷ್ಟರಲ್ಲಿ ಫೋನು ಕಡಿಯಿತು. ಚೂಡಾಮಣಿ ಮಡಿಲಲ್ಲಿದ್ದ ಪಂಪನ್ನು ನೋಡಿದಳು. ಲ್ಯಾನ್ಸ್‌ಲಾಟ್‌ಗೆ ಎಲ್ಲ ಕೇಳಿಸಿತ್ತು. ಮೂರನೇ ಗುಂಡಿಯ ಮೇಲೆ ಅವರ ಬೆರಳು ನಿಂತಿತ್ತು.

"ಪಂಪ್ ಇರುವುದೇ ಎರಡು," ಅವರು ಹೇಳಿದರು. "ಒಂದು ಇಲ್ಲುಂಟು. ಹಾಗಾದ್ರೆ ಪೊಲೀಸರಿಗೆ ಸಿಕ್ಕಿದ್ದು..."

"ಎಡಗಡೇದು. ಹನ್ನೆರಡೂ ಹತ್ತಕ್ಕೆ ಅದು ಎಂಜಿನ್‌ನಲ್ಲೇ ಇತ್ತು ಕಣ್ರೀ. ನಾನೇ ಫೋಟೋ ತೆಗೆದಿದ್ದೀನಿ!" ಅವಳ ದನಿ ಏರಿತು. "ನಾನು ಹೊರಟ ಮೇಲೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿ ಬ್ರಯನ್ ರೂಮಿಗೆ ಹಾಕಿದ್ದಾರೆ. ರಾಕೇಶ್ ಒಳಗೇ ಇದ್ದ. ನವೆಂಬರಿನೊಳಗೆ ಈ ಕೇಸು ಮುಗಿಸೋ ಅವಸರ ಇರೋದೂ ಅವನಿಗೇ."

"ರಾಕೇಶ್ ರಿಜಿಸ್ಟರಿಗೆ ಸಹಿ ಹಾಕ್ತಾನಾ?"

"ಇಲ್ಲ. ಮ್ಯಾನೇಜರ್ ಅಂತ ಹಾಕಲ್ಲ."

"ಇವತ್ತು ಕೊನೆಗೆ ಸಹಿ ಹಾಕಿದ್ದು ಯಾರು?"

"ನಾನು."

ಲ್ಯಾನ್ಸ್‌ಲಾಟ್ ಹಾಕಿದ್ದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಶರಟನ್ನು ಮೊಳೆಗೆ ಸಿಕ್ಕಿಸಿ, ಮೊದಲು ಕೂತಿದ್ದ ಜಾಗದಲ್ಲೇ ಬಂದು ಕೂತರು.

"ಏನ್ ಮಾಡ್ತಿದ್ದೀರಿ?" ಎಂದಳು ಚೂಡಾಮಣಿ.

"ಅವರಿಗೆ ಕಳ್ಳನೂ ಸಿಕ್ಕಿದ, ಮಾಲೂ ಸಿಕ್ಕಿತು. ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ ಮೇಡಂ. ಪೊಲೀಸರು ವಾಪಸ್ ಕೊಡುವ ಆ ಒಂದು ಪಂಪಿನಲ್ಲಿ ಎಂಜಿನ್ ಒಂದು ಕಡೆ ಓಡ್ತದೆ. ಇನ್ನೊಂದು ಕಡೆ ಸರಿ ಮಾಡ್ಲಿಕ್ಕೆ ನಾನು ಬೇಕಾಗ್ತದೆ."

"ಬ್ರಯನ್? ಆ ನಟಾಶಾ ಅಳ್ತಿರೋದು ಕೇಳಿಸ್ಲಿಲ್ವಾ ನಿಮಗೆ?"

"ಕೇಳಿತು." ಅವರ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಅವ ಚಿಕ್ಕವ. ಶಿಕ್ಷೆ ಮುಗಿದ ಮೇಲೂ ಅವನಿಗೆ ವರ್ಷ ಉಂಟು, ಹೆಂಡತಿ ಉಂಟು. ನನಗೆ ಎಂತ ಉಂಟು? ಆ ಚೀಲ ಇತ್ತ ಕೊಡಿ."

"ಕೊಡಲ್ಲ."

"ಕೊಡಿ ಮೇಡಂ. ಕೊಟ್ಟು ಮನೆಗೆ ಹೋಗಿ. ಮುಂದಿನ ಶುಕ್ರವಾರ ಒಂದು ಗಂಟೆಗೆ ನಾನು ಬರ್ತೇನೆ."

ಅಯ್ಯೋ, ಒಂದು ಕ್ಷಣ ಅವಳ ಕೈ ಸಡಿಲವಾದದ್ದು ನಿಜ. ಸುಳ್ಳು ಹೇಳಬಾರದು. ಖಾಲಿ ಮನೆ, ಒಬ್ಬಳೇ ಉಣ್ಣುವ ಶುಕ್ರವಾರಗಳು, ಇನ್ನೂ ಎಷ್ಟು ವರ್ಷವೋ ಎಂಬುದೆಲ್ಲ ಅವಳ ಕಣ್ಣ ಮುಂದೆ ಬಂತು. ಭಾನುವಾರದ ವರದಿಗೆ ಒಂದೇ ಒಂದು ಸಾಲು ಬರೆದರೆ ಸಾಕಿತ್ತು.

ಅವಳು ಟವೆಲ್ಲನ್ನು ಪಂಪಿಗೆ ಸುತ್ತಿ ಚೀಲದೊಳಗಿಟ್ಟು, ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದಳು.

"ನಾನು ಇದನ್ನ ಸ್ಟೇಷನ್‌ಗೆ ತಗೊಂಡು ಹೋಗ್ತೀನಿ. ಎಲ್ಲಿ ಸಿಕ್ತು ಅಂತ ಹೇಳ್ತೀನಿ. ನೀವು ಬಂದ್ರೂ ಸರಿ, ಬರದಿದ್ರೂ ಸರಿ."

ಲ್ಯಾನ್ಸ್‌ಲಾಟ್ ತಲೆಯೆತ್ತಿ ಅವಳನ್ನು ನೋಡಿದರು. ಐದು ವರ್ಷ ಅವಳ ಕೈಯಡುಗೆ ಉಂಡವರು. ದನಿ ಏರಿಸಲಿಲ್ಲ, ಬಹಳ ದಣಿದವರ ಹಾಗೆ ಮಾತಾಡಿದರು.

"ಹೇಳಿ ಮೇಡಂ. ಒಂದು ಪಂಪ್ ಬ್ರಯನ್ ರೂಮಲ್ಲಿ ಸಿಕ್ಕಿದೆ. ಇನ್ನೊಂದು ನಿಮ್ಮ ಕೈಯಲ್ಲುಂಟು. ರಿಜಿಸ್ಟರಿನಲ್ಲಿ ಕೊನೆಯ ಸಹಿ ನಿಮ್ಮದು. ನೀವು ಅಲ್ಲಿದ್ದಾಗ ಎಡಗಡೆ ಪಂಪ್ ಇತ್ತು ಅಂತ ತೋರಿಸುವ ಫೋಟೋ ನಿಮ್ಮ ಫೋನಲ್ಲೇ ಉಂಟು. ಪೊಲೀಸರು ನನ್ನನ್ನು ಕರೆದು ಕೇಳಿದ್ರೆ, ಇದನ್ನು ನಾನು ಯಾವತ್ತೂ ನೋಡಿದ್ದೇ ಇಲ್ಲ ಅಂತ ಹೇಳ್ತೇನೆ."